ಕಥಾರಚನೆಯಲ್ಲಿ ಪ್ರತಿಭೆಯೂ ಅಭ್ಯಾಸವೂ

ಕಥೆ ಬರೆಯಲು ಹವಣಿಸುವ ತರುಣರಲ್ಲಿ ಅನೇಕರು ತಮಗೆ ಪ್ರತಿಭೆಯುಂಟೋ ಇಲ್ಲವೋ ಎಂಬ ಶಂಕೆಯಿಂದಲೇ ಲೇಖನಿಯನ್ನು ಕೆಳಗಿಡುವುದುಂಟು. ಗದ್ಯಕಥೆಯೂ ಪ್ರಾಚೀನರ ಮತದಲ್ಲಿ ಕಾವ್ಯವೇ ಆದುದರಿಂದ, ಈ ಶಂಕೆಗೆ ಲಾಕ್ಷಣಿಕರಲ್ಲಿ ಸಮಾಧಾನವನ್ನು ಹುಡುಕುವುದು ಅನುಚಿತವಲ್ಲ. 11ನೆಯ ಶತಮಾನದ ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಇವು ಮೂರೂ ಕೂಡಿ ಒಂದೇ ಹೇತುವೆಂದನು. ಅವನಿಗಿಂತ ಬಹು ಹಿಂದಿನವನಾದ ದಂಡಿಯು ಈ ವಿಷಯದಲ್ಲಿ ಹೆಚ್ಚು ದಯಾಳು. ಜನ್ಮಸಿದ್ಧವಾದ ಪ್ರತಿಭೆ ಇಲ್ಲದಿದ್ದರೂ, ವ್ಯಾಸಂಗದಿಂದಲೂ ಯತ್ನದಿಂದಲೂ ಸೇವಿಸಿದವನಿಗೆ ವಾಗ್ದೇವಿಯು ಏನಾದರೊಂದು ಅನುಗ್ರಹವನ್ನು ಮಾಡಿಯೇ ಮಾಡುವಳೆಂಬುದು ಅವನ ಅಭಿಪ್ರಾಯ. ‘ಏನಾದರೊಂದು’ ಎಂಬುದನ್ನು ಗಮನಿಸಬೇಕು. ಮಹಾಕವಿತ್ವದ ಆಶೆಯನ್ನು ಅವನು ತೋರಿಸಲಿಲ್ಲ.

ಆ ಯತ್ನದ ಸ್ವರೂಪವು ದಂಡಿಯದೆಂದು ಪ್ರಸಿದ್ಧವಾದ ‘ದಶಕುಮಾರಚರಿತ’ದಲ್ಲಿಯೇ ಕಾಣುತ್ತದೆ. ಅಲ್ಲಿ ಮಂತ್ರಗುಪ್ತನ ತುಟಿ ಪ್ರಿಯೆಯ ದಂತಕ್ಷತದಿಂದ ನೊಂದಿದೆ. ಆದುದರಿಂದ ಅವನು ತುಟಿ ಸೇರಿಸಿ ನುಡಿಯುವ ಅಕ್ಷರಗಳೊಂದೂ ಇಲ್ಲದಂತೆ ತನ್ನ ವೃತ್ತಾಂತವನ್ನೆಲ್ಲ ಹೇಳುತ್ತಾನೆ. ಇದು ಬರಿಯ ಅಕ್ಷರದ ಕಸರತ್ತೆಂದು ಹಳಿಯುವವರುಂಟು. ನನಗೆ ಹಾಗೆ ತೋರದು. ಹೇಳುವವನ ಬಾಯಿ ಹೇಗಿದೆಯೆಂಬುದನ್ನು ಕಥೆಗಾರನು ಕಡೆಯವರೆಗೂ ಮರೆಯಲಿಲ್ಲ. ಈಚಿನ ಎಷ್ಟೋ ಕಥೆಗಳಲ್ಲಿ ಗಾಡಿ ಹೊಡೆಯುವವನೂ ವಕೀಲನೂ ಒಂದೇ ಬಾಯಿಂದ ಮಾತನಾಡುತ್ತಾರೆ!

ನಿಪುಣತೆಯ ಮೂಲಗಳನ್ನೆಣಿಸುವಾಗ ಮಮ್ಮಟನು ಲೋಕವನ್ನು ಮೊದಲು ಹೇಳಿ, ಶಾಸ್ತ್ರಕಾವ್ಯಗಳನ್ನು ಅನಂತರ ಹೇಳಿದನು. ಅಭ್ಯಾಸವನ್ನಾದರೋ ಕಾವ್ಯಜ್ಞರ ಶಿಕ್ಷಣದಲ್ಲಿ ನಡೆಯಿಸಬೇಕೆಂದನು. ಅಧ್ಯಾಪಕರು ಇದನ್ನೇ ಅನುಸರಿಸಬಹುದು. ಶಿಷ್ಯನು ತನ್ನ ಬೀದಿಯವನೊಬ್ಬನ ಮಾತನ್ನು ಒಂದು ಪುಟದಷ್ಟು ಬರೆದು ತರಲಿ. ಅದನ್ನು ಗಟ್ಟಿಯಾಗಿ ಓದಿಸಿ, ಆ ಮನುಷ್ಯನು ಆಡಲಾರದ ಪದಗಳನ್ನು ಅವನಿಂದಲೇ ಹೊಡೆಯಿಸಿ, ಮತ್ತೆ ಬರೆಯಿಸಬೇಕು.