ಕಾರ್ಡು ಕೈಯಲ್ಲಿದೆ, ದವಾಖಾನೆ ಎಲ್ಲಿದೆ?

ವಿಜಯಪುರಕ್ಕೆ ಪೂರ್ಣ ಸರ್ಕಾರಿ ವೈದ್ಯಕೀಯ ಕಾಲೇಜು ಬೇಕು, ಖಾಸಗಿ ಸಹಭಾಗಿತ್ವದ್ದು ಬೇಡ. ಈ ಒಂದೇ ಬೇಡಿಕೆ ಇಟ್ಟುಕೊಂಡು 2025ರ ಸೆಪ್ಟೆಂಬರ್‌ನಲ್ಲಿ ನಗರದಲ್ಲಿ ಧರಣಿ ಕೂತವರು ನೂರು ದಿನ ದಾಟಿದರೂ ಎದ್ದಿರಲಿಲ್ಲ. ಇದು ಎಂಬಿಬಿಎಸ್ ಸೀಟಿನ ಜಗಳ, ಮಧ್ಯಮ ವರ್ಗದ ಮಕ್ಕಳ ಚಿಂತೆ ಎಂದು ತಳ್ಳಿಹಾಕಿದವರಿದ್ದರು. ಅವರ ಮಾತು ಅರ್ಧ ಮಾತ್ರ ಸರಿ. ಕಾಲೇಜಿನ ಜೊತೆಗೆ ಜಿಲ್ಲಾಸ್ಪತ್ರೆ ಯಾರ ಕೈಗೆ ಹೋಗುತ್ತದೆ ಎಂಬುದೇ ಅಲ್ಲಿನ ಅಸಲು ಪ್ರಶ್ನೆಯಾಗಿತ್ತು. ಬಡವನ ಕಾಯಿಲೆಗೆ ಸರ್ಕಾರ ತಾನೇ ಚಿಕಿತ್ಸೆ ಕೊಡಬೇಕೋ, ಬೇರೆಯವರು ಕೊಟ್ಟ ಚಿಕಿತ್ಸೆಗೆ ಬಿಲ್ಲು ಕಟ್ಟಿದರೆ ಸಾಕೋ ಎಂದು ಜಗತ್ತಿನ ಹಲವು ದೇಶಗಳು ದಶಕಗಳಿಂದ ನಡೆಸುತ್ತಿರುವ ವಾದವೇ ನಮ್ಮೂರಿನ ಪೆಂಡಾಲಿಗೂ ಬಂದಿತ್ತು.

ನಗರದಲ್ಲಿ ವೈದ್ಯಕೀಯ ಕಾಲೇಜುಗಳಿಗೆ ಬರವಿಲ್ಲ. ಅಥಣಿ ರಸ್ತೆಯ ಅಲ್-ಅಮೀನ್ ಕಾಲೇಜು 1984ರದು, ಬಿಎಲ್‌ಡಿಇ ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು 1986ರದು. ಎರಡೂ ಖಾಸಗಿ. ಸುತ್ತಲಿನ ಕಲಬುರಗಿ, ರಾಯಚೂರು, ಯಾದಗಿರಿ, ಬೆಳಗಾವಿಗಳಲ್ಲಿ ಸರ್ಕಾರಿ ಕಾಲೇಜುಗಳಿವೆ. ಗಡಿಯಾಚೆಯ ಸೊಲ್ಲಾಪುರದಲ್ಲಿ 1963ರಿಂದಲೇ ಇದೆ. ನಮ್ಮ ಕಡೆಯ ರೋಗಿಗಳು ಸೊಲ್ಲಾಪುರ, ಮೀರಜ್ ಕಡೆ ಮುಖ ಮಾಡುವುದು ಇವತ್ತಿನ ರೂಢಿಯೇನಲ್ಲ.

ಈಗ ನಗರ ಬಿಟ್ಟು ಪಶ್ಚಿಮಕ್ಕೆ ಹೊರಡೋಣ. ಅಥಣಿ ರಸ್ತೆಯಲ್ಲಿ ಇಪ್ಪತ್ತು ಕಿ.ಮೀ. ಆಸುಪಾಸಿನಲ್ಲಿ ತಿಕೋಟಾ. ಜಮಖಂಡಿ ರಸ್ತೆ ಹಿಡಿದರೆ ಸುಮಾರು ಅಷ್ಟೇ ದೂರಕ್ಕೆ ಬಬಲೇಶ್ವರ. ಎರಡೂ ಕೆಲವೇ ವರ್ಷಗಳ ಹಿಂದೆ ತಾಲ್ಲೂಕು ಕೇಂದ್ರಗಳಾದವು. ದ್ರಾಕ್ಷಿ ಪಡದಲ್ಲಿ ಔಷಧ ಹೊಡೆಯುವವರು, ಕಬ್ಬು ಕಡಿಯುವವರು, ಒಣದ್ರಾಕ್ಷಿ ಶೆಡ್ಡಿನಲ್ಲಿ ದುಡಿಯುವ ಹೆಣ್ಣುಮಕ್ಕಳು ಇರುವ ಸೀಮೆ ಇದು. ಊರು ತಾಲ್ಲೂಕಾದರೆ ತಹಶೀಲ್ದಾರ್ ಕಚೇರಿಯ ಬೋರ್ಡು ಬೇಗ ಬರುತ್ತದೆ. ಹೆರಿಗೆ ತಜ್ಞೆ, ಅರಿವಳಿಕೆ ತಜ್ಞ, ಮಕ್ಕಳ ಡಾಕ್ಟರು ಮೂವರೂ ರಾತ್ರಿ ಸಿಗುವ ದವಾಖಾನೆ ಅಷ್ಟು ಬೇಗ ಬರುವುದಿಲ್ಲ. ಅರಿವಳಿಕೆ ಕೊಡುವವರು ಇಲ್ಲವೆಂದರೆ ಸಿಸೇರಿಯನ್ ಆಗದು. ಆಗ ಕೇಳುವುದು ಎಲ್ಲರಿಗೂ ಬಾಯಿಪಾಠವಾದ ಮಾತು: “ಇಲ್ಲಿ ಆಗೂದಿಲ್ರಿ, ಬಿಜಾಪುರಕ್ಕ ಒಯ್ಯಿರಿ.” ಊರಿನ ಹೆಸರು ವಿಜಯಪುರ ಎಂದಾಗಿ ಹತ್ತು ವರ್ಷ ಕಳೆದರೂ ಈ ಮಾತು ಬದಲಾಗಿಲ್ಲ.

ಸರ್ಕಾರದ ಆರೋಗ್ಯ ಕಾರ್ಡು ಇದೆಯಲ್ಲ ಎನ್ನುವವರಿಗೆ ಉತ್ತರ ಕೊಡಲೇಬೇಕು, ಏಕೆಂದರೆ ಕಾರ್ಡು ಜೀವ ಉಳಿಸಿದೆ. ಕರ್ನಾಟಕ ಈ ದಾರಿಯಲ್ಲಿ ದೇಶಕ್ಕಿಂತ ಮುಂದಿತ್ತು. 2003ರಲ್ಲಿ ಬಂದ ಯಶಸ್ವಿನಿಯಲ್ಲಿ ಸಹಕಾರ ಸಂಘದ ಸದಸ್ಯ ವರ್ಷಕ್ಕೆ 60 ರೂಪಾಯಿ ಕಟ್ಟಿ ಶಸ್ತ್ರಚಿಕಿತ್ಸೆಯ ಭರವಸೆ ಪಡೆದ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. ಆ ಯೋಜನೆ ತಲುಪಿದ ಮತ್ತು ಇನ್ನೂ ತಲುಪದ 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆ ಇದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ, ಅದರ ವ್ಯಾಪ್ತಿಗೆ ಬರುವ ಕಾಯಿಲೆಗಳ ಸಾವು ಶೇ 64ರಷ್ಟು ಕಡಿಮೆ ಇತ್ತು. ಸಣ್ಣ ಮಾತಲ್ಲ ಇದು. 2018ರಲ್ಲಿ ಕೇಂದ್ರದ ಯೋಜನೆಯೊಂದಿಗೆ ಸೇರಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಆಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ.

ಆದರೆ ಈ ಐದು ಲಕ್ಷದ ಬಾಗಿಲು ತೆರೆಯುವುದು ಮುಖ್ಯವಾಗಿ ರೋಗಿ ದಾಖಲಾದ ಮೇಲೆ. ಸಕ್ಕರೆ ಕಾಯಿಲೆ, ಬಿಪಿ ಇರುವ ಅಜ್ಜಿಗೆ ತಿಂಗಳು ತಿಂಗಳು ಬೇಕಾದ ಗುಳಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಔಷಧ ಅಂಗಡಿ. ರಕ್ತ ಪರೀಕ್ಷೆ, ಟಂಟಂ ಬಾಡಿಗೆ, ಜೊತೆಗೆ ಬಂದವರ ಕೂಲಿ ನಷ್ಟ ಯಾವ ಕಾರ್ಡಿಗೂ ಬರುವುದಿಲ್ಲ. 2021–22ರ ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39.4ರಷ್ಟನ್ನು ಜನ ತಮ್ಮ ಜೇಬಿನಿಂದಲೇ ಕೊಟ್ಟಿದ್ದಾರೆ. 2013–14ರಲ್ಲಿ ಇದು ಶೇ 64.2 ಇತ್ತು. ಇಳಿದಿರುವುದು ಸಂತೋಷವೇ. ಆದರೂ ನೂರರಲ್ಲಿ ಮೂವತ್ತೊಂಬತ್ತು ರೂಪಾಯಿ ಸಾಲದ ಮನೆಗಳಿಗೆ ಹಗುರವಾಗುವುದಿಲ್ಲ.

ಕಾರ್ಡಿಗೆ ಇನ್ನೊಂದು ಕಟ್ಟಳೆಯಿದೆ, ಧರಣಿಯ ಪ್ರಶ್ನೆ ಸೂಕ್ಷ್ಮವಾಗುವುದು ಇಲ್ಲೇ. ತುರ್ತು ಚಿಕಿತ್ಸೆ ಬಿಟ್ಟರೆ, ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಇಲ್ಲಿ ಸಾಧ್ಯವೋ ಇಲ್ಲವೋ ಎಂದು ಹೇಳಬೇಕಾದವರು ಸಂಬಳಕ್ಕೆ ದುಡಿಯುವ ಸರ್ಕಾರಿ ವೈದ್ಯರು, ರೋಗಿ ಎಲ್ಲಿ ದಾಖಲಾದರೂ ಅವರಿಗೆ ಲಾಭವಿಲ್ಲ ಎಂಬ ನಂಬಿಕೆಯ ಮೇಲೆ ಈ ನಿಯಮ ನಿಂತಿದೆ. ಜಿಲ್ಲಾಸ್ಪತ್ರೆಯನ್ನೇ ಖಾಸಗಿ ಸಂಸ್ಥೆ ನಡೆಸಿದರೆ ಕಳಿಸುವವರು, ಚಿಕಿತ್ಸೆ ಕೊಟ್ಟು ಬಿಲ್ಲು ಮಾಡುವವರು ಒಬ್ಬರೇ ಆಗುತ್ತಾರೆ. ನೀತಿ ಆಯೋಗ 2020ರ ಜನವರಿಯಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಒಪ್ಪಂದದ ಕರಡಿನಲ್ಲಿ ಗುತ್ತಿಗೆ 60 ವರ್ಷದ್ದು. ಹಾಸಿಗೆಗಳಲ್ಲಿ ಒಂದು ಪಾಲು ಬಡವರಿಗೆ, ಇನ್ನೊಂದು ಪಾಲು ಮಾರುಕಟ್ಟೆ ದರಕ್ಕೆ. ಒಂದೇ ಸೂರಿನಡಿ ಎರಡು ಬಗೆಯ ಹಾಸಿಗೆ ಬಂದರೆ ಜಾಗ ಸಾಲದ ರಾತ್ರಿ ಯಾರು ಕಾರಿಡಾರಿನಲ್ಲಿ ಮಲಗುತ್ತಾರೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಅರವತ್ತು ವರ್ಷವೆಂದರೆ ಇಂದು ಹುಟ್ಟಿದ ಕೂಸು ಮೊಮ್ಮಕ್ಕಳನ್ನು ಕಾಣುವಷ್ಟು ಕಾಲ.

ಸಹಭಾಗಿತ್ವ ಬೇಕೆನ್ನುವವರ ವಾದವನ್ನು ಕೇಳದೆ ಬಿಡುವುದು ನ್ಯಾಯವಲ್ಲ. ಕಾಲೇಜು ಕಟ್ಟಲು ನೂರಾರು ಕೋಟಿ ಬೇಕು, ಇರುವ ಹುದ್ದೆಗಳನ್ನೇ ತುಂಬಲಾಗದ ಸರ್ಕಾರ ಹೊಸದನ್ನು ಹೇಗೆ ನಡೆಸುತ್ತದೆ ಎನ್ನುತ್ತಾರೆ. ಸರ್ಕಾರದ್ದೆಂದ ಮಾತ್ರಕ್ಕೆ ಒಳ್ಳೆಯದಾಗಿ ಬಿಡುವುದಿಲ್ಲ ಎಂಬುದಕ್ಕೆ ಬಳ್ಳಾರಿ ಸಾಕ್ಷಿ. 2024ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ತೀರಿಕೊಂಡರು. ಕೊಟ್ಟ ಐವಿ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂತು. ಆ ತಾಯಂದಿರ ಕೂಸುಗಳನ್ನು ನೆನೆದರೆ ಸರ್ಕಾರಿ ವ್ಯವಸ್ಥೆಯ ಪರ ವಾದಿಸುವಾಗ ದನಿ ಏರಿಸಲು ಮನಸ್ಸು ಬಾರದು. ಆದರೂ ಅಲ್ಲಿ ನಡೆದದ್ದನ್ನು ವಿಧಾನಮಂಡಲದಲ್ಲಿ ಎತ್ತಲಾಯಿತು, ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು, ಸರ್ಕಾರ ತಲೆತಗ್ಗಿಸಬೇಕಾಯಿತು. ಖಾಸಗಿ ಆಸ್ಪತ್ರೆಗಳನ್ನು ಇಂಥ ಹೊಣೆಗಾರಿಕೆಗೆ ಒಳಪಡಿಸಲು 2017ರಲ್ಲಿ ತಂದ ತಿದ್ದುಪಡಿ ಮಸೂದೆಗೆ ಏನಾಯಿತೆಂದು ನೋಡಿ. ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಬೆಳಗಾವಿ ಅಧಿವೇಶನದ ಹೊತ್ತಿಗೆ ಮಸೂದೆ ಮೆತ್ತಗಾಯಿತು.

1946ರಲ್ಲಿ ಭೋರ್ ಸಮಿತಿ, ಹಣ ಇಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ಹೇಳಿ, ಮುಂದಿನ ಗುರಿಯಾಗಿ 10ರಿಂದ 20 ಸಾವಿರ ಜನರಿಗೆ 75 ಹಾಸಿಗೆಯ ಆಸ್ಪತ್ರೆ ಕೇಳಿತ್ತು. ನಾವು ಬಯಲುಸೀಮೆಯ 30 ಸಾವಿರ ಜನರಿಗೆ ನಾಲ್ಕಾರು ಹಾಸಿಗೆಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೃಪ್ತರಾದೆವು. ಅದೇ ಕಾಲದಲ್ಲಿ, ಯುದ್ಧದಿಂದ ಜರ್ಜರಿತವಾಗಿದ್ದ ಬ್ರಿಟನ್ 1948ರ ಜುಲೈ 5ರಂದು ತನ್ನ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭಿಸಿತು. ಥಾಯ್ಲೆಂಡ್ ಶ್ರೀಮಂತವಾಗುವವರೆಗೆ ಕಾಯದೆ 2002ರಲ್ಲಿ ಎಲ್ಲ ಪ್ರಜೆಗಳನ್ನೂ ಚಿಕಿತ್ಸೆಯ ಭರವಸೆಯೊಳಗೆ ತಂದಿತು. ಅದಕ್ಕೂ ಮೊದಲೇ ಆ ದೇಶ ಜಿಲ್ಲೆ ಜಿಲ್ಲೆಗೆ ಸರ್ಕಾರಿ ಆಸ್ಪತ್ರೆ ಕಟ್ಟಿಕೊಂಡಿತ್ತು. ನಮ್ಮಲ್ಲಿ ಸರ್ಕಾರಗಳ ಆರೋಗ್ಯ ವೆಚ್ಚ 2021–22ರಲ್ಲಿ ಜಿಡಿಪಿಯ ಶೇ 1.84. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ಕ್ಕೆ ಶೇ 2.5 ಎಂದಿತ್ತು.

ದುಡ್ಡಿಲ್ಲ ಎಂಬ ಮಾತನ್ನು ತಿಕೋಟಾ, ಬಬಲೇಶ್ವರದವರು ಒಪ್ಪಬೇಕಿಲ್ಲ. ಬರಗಾಲಕ್ಕೆ ಹೆಸರಾದ ಈ ನೆಲಕ್ಕೆ ಕೃಷ್ಣೆಯ ನೀರನ್ನು ಮೇಲೆತ್ತಿ ತಂದದ್ದು ಸರ್ಕಾರ. ತುಬಚಿ–ಬಬಲೇಶ್ವರ ಏತ ನೀರಾವರಿ, ಮುಳವಾಡ ಏತ ನೀರಾವರಿ, ಕೆರೆ ತುಂಬುವ ಕಾಮಗಾರಿಗಳಿಗೆ ಬೊಕ್ಕಸದಿಂದ ಭಾರಿ ಹಣ ಹೋಯಿತು. ಬಬಲೇಶ್ವರದ ಶಾಸಕ ಎಂ.ಬಿ. ಪಾಟೀಲರು 2013ರಿಂದ 2018ರವರೆಗೆ ಜಲಸಂಪನ್ಮೂಲ ಸಚಿವರಾಗಿದ್ದಾಗ ಈ ಕೆಲಸಗಳು ಬಿರುಸು ಪಡೆದವು. ಬಾವಿ ತೋಡಿಸಿಕೊಳ್ಳಲು ಪ್ರತಿ ರೈತನಿಗೂ ವಿಮೆಯ ಕಾರ್ಡು ಕೊಟ್ಟರೆ ಸಾಕು ಎಂದು ಆಗ ಯಾರೂ ಹೇಳಲಿಲ್ಲ. ನೀರಿಲ್ಲದ ಕಡೆ ಬಾವಿ ತೋಡಿ ಫಲವಿಲ್ಲ, ಡಾಕ್ಟರಿಲ್ಲದ ಕಡೆ ಕಾರ್ಡು ಹಿಡಿದೂ ಫಲವಿಲ್ಲ. ಏತ ನೀರಾವರಿಗೆ ಬಂದ ಅದೇ ಹಟ ದವಾಖಾನೆಗೂ ಬರಲಿ ಎಂದು ಪಾಟೀಲರನ್ನು ಅವರ ಕ್ಷೇತ್ರದ ಜನ ಕೇಳುವುದು ನ್ಯಾಯವಾಗಿದೆ.

ಸರ್ಕಾರಿ ಕಾಲೇಜಿನ ಲಾಭ ಹಳ್ಳಿಗೆ ಮುಟ್ಟುವುದು ಹೀಗೆ. ಅಲ್ಲಿ ಕಡಿಮೆ ಶುಲ್ಕದಲ್ಲಿ ಓದಿದ, ಇದೇ ಸೀಮೆಯ ಮಾತು ಬಲ್ಲ ವೈದ್ಯ ತಾಲ್ಲೂಕು ಆಸ್ಪತ್ರೆಯಲ್ಲಿ ನಿಲ್ಲುವ ಸಾಧ್ಯತೆ ಹೆಚ್ಚು. ಕೋಟಿ ಸುರಿದು ಸೀಟು ಪಡೆದವನು ಆ ಕೋಟಿಯನ್ನು ಎಲ್ಲಿಂದಲೋ ಹಿಂದಕ್ಕೆ ಪಡೆಯಬೇಕಾಗುತ್ತದೆ. ಆದ್ದರಿಂದ ಕಾಲೇಜು ಸರ್ಕಾರದ್ದೇ ಆಗಬೇಕು, ಜಿಲ್ಲಾಸ್ಪತ್ರೆ ಸರ್ಕಾರದ ಆಡಳಿತದಲ್ಲೇ ಉಳಿಯಬೇಕು. ಅದರ ಜೊತೆಗೇ ತಿಕೋಟಾ, ಬಬಲೇಶ್ವರಗಳಲ್ಲಿ ಹೆರಿಗೆ, ಅರಿವಳಿಕೆ, ಮಕ್ಕಳ ತಜ್ಞರ ಹುದ್ದೆ ತುಂಬಬೇಕು, ಅವರಿಗೆ ಉಳಿಯಲು ಮನೆ ಕೊಡಬೇಕು. ಈ ಎರಡನೆಯ ಬೇಡಿಕೆಗೆ ಪೆಂಡಾಲ್ ಹಾಕುವ ಮೊದಲು ಮಾಡಬಹುದಾದ ಕೆಲಸವೊಂದಿದೆ. ಮುಂದಿನ ಗ್ರಾಮಸಭೆಗೆ ಹೋಗಿ, ನಿಮ್ಮ ಆರೋಗ್ಯ ಕೇಂದ್ರದಲ್ಲಿ ಎಷ್ಟು ಹುದ್ದೆ ಮಂಜೂರಾಗಿವೆ, ಎಷ್ಟು ಖಾಲಿ ಇವೆ, ಬಿಪಿ–ಸಕ್ಕರೆಯ ಗುಳಿಗೆ ಎಷ್ಟು ತಿಂಗಳಿಗೆ ಸಾಲುವಷ್ಟಿದೆ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.