‘ಆಟಕ್ಕುಂಟು, ಲೆಕ್ಕಕ್ಕಿಲ್ಲ’: ಗುಂಪು ಆಟಗಳು ಮತ್ತು ಅವಧಾನ ಕೊರತೆಯ ಹದಿಹರೆಯದವರು

ನಮ್ಮ ಗ್ರಾಮೀಣ ಮಕ್ಕಳ ಆಟಗಳಲ್ಲಿ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಸ್ಥಾನವೊಂದಿದೆ. ಜೊತೆಗೆ ಬಂದ ತಮ್ಮ ತಂಗಿಯರನ್ನು ಹಿರಿಯ ಮಕ್ಕಳು ಆಟಕ್ಕೆ ಸೇರಿಸಿಕೊಳ್ಳುತ್ತಾರೆ. ಆದರೆ ಅವರು ಔಟಾದರೂ ಔಟಲ್ಲ. ಎಳೆಯರಿಗೆ ಇದು ರಿಯಾಯಿತಿ. ಹದಿನಾಲ್ಕರ ಹುಡುಗನಿಗೆ ಅವಮಾನ. ಅವಧಾನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಅಂದರೆ ವೈದ್ಯರು ಎಡಿಎಚ್‌ಡಿ ಎನ್ನುವ ಸ್ಥಿತಿಯುಳ್ಳ ಹದಿಹರೆಯದವರು ಶಾಲಾ ಮೈದಾನದಲ್ಲಿ ಎಷ್ಟೋ ಸಲ ಈ ಸ್ಥಾನದಲ್ಲೇ ಉಳಿಯುತ್ತಾರೆ.

ಇದು ಸೋಮಾರಿತನವಲ್ಲ, ಸಾಕಿದವರ ತಪ್ಪೂ ಅಲ್ಲ. ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಹರೆಯ ಬರುತ್ತಿದ್ದಂತೆ ಹೊರಗಿನ ಓಡಾಟ ಸಾಮಾನ್ಯವಾಗಿ ತಗ್ಗಿ, ಒಳಗಿನ ಚಡಪಡಿಕೆ, ಮರೆವು, ದುಡುಕು ಉಳಿಯುತ್ತವೆ. ಹಲವರಲ್ಲಿ ಆತಂಕ, ಖಿನ್ನತೆಗಳೂ ಜೊತೆಗೂಡುತ್ತವೆ.

ಈ ದೃಷ್ಟಿಯಿಂದ ಖೋ-ಖೋ ಆಟದ ರಚನೆ ಪರಿಶೀಲನಾರ್ಹವಾಗಿದೆ. ಎಂಟು ಮಂದಿ ಒಬ್ಬರು ಈ ಕಡೆಗೆ, ಮತ್ತೊಬ್ಬರು ಆ ಕಡೆಗೆ ಮುಖಮಾಡಿ ಕುಳಿತಿರುತ್ತಾರೆ, ಒಂಬತ್ತನೆಯವನು ಅಟ್ಟುತ್ತಾನೆ. ಅವನು ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕನ್ನು ನಡುವೆ ಬದಲಿಸುವಂತಿಲ್ಲ. ಕುಳಿತವನು ಬೆನ್ನಿಗೆ ಕೈ ತಾಗಿ, ‘ಖೋ’ ಎಂಬ ಸದ್ದು ಕಿವಿಗೆ ಬಿದ್ದ ಬಳಿಕವೇ ಏಳಬೇಕು. ಇಲ್ಲಿ ಕಾಯುವುದು ಶಿಕ್ಷೆಯಲ್ಲ, ಆಟದ್ದೇ ಭಾಗ. ಸಂಜ್ಞೆ ಮೈಗೂ ಕಿವಿಗೂ ಏಕಕಾಲಕ್ಕೆ ತಲುಪುತ್ತದೆ. ಹೊಣೆ ಕೆಲವೇ ಕ್ಷಣಗಳದ್ದು. ಕ್ರಿಕೆಟ್ಟಿನಲ್ಲಿ ಬೌಂಡರಿ ಬಳಿ ನಿಂತವನ ಗಮನ ಎತ್ತಲೋ ಹರಿದು, ಕ್ಯಾಚ್ ಬಿಟ್ಟು, ತಂಡದ ಬೈಗುಳ ತಿನ್ನುವುದಕ್ಕೂ ಇದಕ್ಕೂ ಬಹಳ ಅಂತರವಿದೆ. (ಕ್ರಿಕೆಟ್ ಪ್ರಿಯರು ಮನ್ನಿಸಬೇಕು.)

9ರಿಂದ 13 ವರ್ಷದ, 11 ಸಾವಿರಕ್ಕೂ ಮಿಕ್ಕ ಅಮೆರಿಕದ ಮಕ್ಕಳನ್ನು ಕುರಿತು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತಂಡದ ಆಟಗಳಲ್ಲಿ ತೊಡಗಿದವರಿಗೆ ಆತಂಕ, ಖಿನ್ನತೆ, ಏಕಾಂಗಿತನಗಳ ತೊಂದರೆ ಕಡಿಮೆಯಿತ್ತು. ಒಂಟಿ ಕ್ರೀಡೆಗಳನ್ನಷ್ಟೇ ಆಡುವವರಲ್ಲಿ ಹಾಗಿರಲಿಲ್ಲ. ಅದು ಎಡಿಎಚ್‌ಡಿಗೆ ಸೀಮಿತವಾದ ಅಧ್ಯಯನವಲ್ಲ. ನೆಮ್ಮದಿಯಿರುವ ಮಕ್ಕಳೇ ತಂಡದಲ್ಲಿ ಉಳಿದಿರಲೂಬಹುದು; ಆದ್ದರಿಂದ ಆಟವೇ ಕಾರಣವೆಂದು ಸಾಧಿಸಿದಂತಾಗದು. ಔಷಧೋಪಚಾರ, ಆಪ್ತಸಮಾಲೋಚನೆಗಳಿಗೆ ಆಟ ಬದಲಿಯೂ ಅಲ್ಲ. ಆದರೂ ಬೆವರಿನಷ್ಟೇ, ತಂಡದ ಲೆಕ್ಕಕ್ಕೆ ಸೇರುವುದೂ ಮುಖ್ಯವೆಂಬುದು ನನ್ನ ಅಭಿಪ್ರಾಯ.

ಮನೆಗೆಲಸ ಮುಗಿಸದವರ ಆಟದ ಅವಧಿಯನ್ನು ಕಸಿದುಕೊಳ್ಳುವ ರೂಢಿ ಪ್ರೌಢಶಾಲೆಗಳಲ್ಲಿ ಕಾಣಸಿಗುತ್ತದೆ. ಮರೆವೇ ಲಕ್ಷಣವಾಗಿರುವವರಿಗೆ ಈ ಶಿಕ್ಷೆ ವಾರವಾರವೂ ಬೀಳುತ್ತದೆ. ಮೈದಾನಕ್ಕೆ ಬಂದರೂ, ನಾಯಕರಿಬ್ಬರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುವಾಗ ಕೊನೆಗೆ ಉಳಿಯುವವರು ಇವರೇ.

ಹಳ್ಳಿಯ ಮಕ್ಕಳ ತಂಡ ಹಂಚಿಕೆಯ ಕ್ರಮ ಬೇರೆಯಿತ್ತು. ಸರಿಸಮರಾದ ಇಬ್ಬರು ಹೆಗಲ ಮೇಲೆ ಕೈಹಾಕಿಕೊಂಡು ದೂರ ಹೋಗಿ, ಒಬ್ಬನು ಸೂರ್ಯ, ಇನ್ನೊಬ್ಬನು ಚಂದ್ರ ಎಂದು ಗುಟ್ಟಾಗಿ ಹೆಸರಿಟ್ಟುಕೊಂಡು ಬರುತ್ತಿದ್ದರು. ಯಾವ ಹೆಸರು ಯಾರದೆಂದು ನಾಯಕರಿಗೆ ತಿಳಿಯದು. ಒಬ್ಬ ನಾಯಕ ‘ಚಂದ್ರ’ ಎಂದರೆ ಚಂದ್ರನಾದವನು ಅವನ ಕಡೆಗೆ, ಸೂರ್ಯ ಎದುರು ತಂಡಕ್ಕೆ.