ಮಹರ್‌ನ ಚಿನ್ನ: ತೂಕದ ಜೊತೆ ಕ್ಯಾರೆಟ್ಟೂ ಬರೆಯಿರಿ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ನೆಲೆಸಿರುವ ನಮ್ಮವರ ಮನೆಗಳಲ್ಲಿ ಮದುವೆ ಮಾತು ಶುರುವಾದರೆ ಎರಡು ಲೆಕ್ಕ ಕೇಳಿಬರುತ್ತವೆ. ಕರಾವಳಿಯ ಹಿರಿಯರು ‘ಇಷ್ಟು ಪವನು’ ಅಂದರೆ, ಇಲ್ಲಿನವರು ‘ಎಷ್ಟು ತೊಲಿ ರೀ?’ ಅಂತಾರೆ. ಪವನು ಅಂದರೆ 8 ಗ್ರಾಂ. ತೊಲಿ ಹಳೆಯ ಲೆಕ್ಕದಲ್ಲಿ 11.66 ಗ್ರಾಂ, ಈಗಿನ ಅಂಗಡಿಯಲ್ಲಿ 10. ತೂಕದ ಬಗ್ಗೆ ಇಷ್ಟೆಲ್ಲ ಮಾತಾಡುವ ನಾವು ಶುದ್ಧತೆಯನ್ನು ಕೇಳುವುದೇ ಇಲ್ಲ.

ಐದು ಪವನು ಮಹರ್ ಎಂದುಕೊಳ್ಳಿ, 40 ಗ್ರಾಂ. 22 ಕ್ಯಾರೆಟ್ ಆದರೆ ಅದರಲ್ಲಿ ಅಪ್ಪಟ ಚಿನ್ನ 36.64 ಗ್ರಾಂ. 18 ಕ್ಯಾರೆಟ್ ಆದರೆ ಬರೀ 30. ಮಹರ್ ಹೆಣ್ಣಿನ ಹಕ್ಕು. ಕಷ್ಟದ ದಿನ ಆಕೆ ಅದನ್ನು ಮಾರಲು ಹೋದಾಗಲೇ ಈ ಆರೂವರೆ ಗ್ರಾಂ ಕೊರತೆ ಗೊತ್ತಾಗುವುದು. 18 ಕ್ಯಾರೆಟ್ ಮೋಸವೇನಲ್ಲ, ಹರಳಿನ ಒಡವೆಗೆ ಗಟ್ಟಿ ಲೋಹ ಬೇಕು. ಅದನ್ನು 22ರ ಬೆಲೆಗೆ ಕೊಡುವುದು, ಹೇಳದೆ ಕೊಡುವುದು ಮೋಸ.

ಹಾಲ್‌ಮಾರ್ಕ್ 2021ರ ಜೂನ್‌ನಿಂದ ಹಂತ ಹಂತವಾಗಿ, ಜಿಲ್ಲೆವಾರು ಕಡ್ಡಾಯವಾಗುತ್ತಾ ಬಂದಿದೆ. ಯಾವ ಊರಲ್ಲಿ ಕೊಂಡರೂ ಮೂರು ಗುರುತು ನೋಡಿ: ಬಿಐಎಸ್ ಚಿಹ್ನೆ, ಶುದ್ಧತೆ (22 ಕ್ಯಾರೆಟ್‌ಗೆ 916, 18ಕ್ಕೆ 750), ಅಕ್ಷರ-ಅಂಕಿ ಸೇರಿದ ಆರು ಸ್ಥಾನದ ಎಚ್‌ಯುಐಡಿ. ಆ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ. ಕೈಯಲ್ಲಿ ಬಳೆ ಇದ್ದು ಆ್ಯಪ್ ‘ಉಂಗುರ’ ಎಂದರೆ ಎದ್ದು ಬನ್ನಿ. 2 ಗ್ರಾಂಗಿಂತ ಕಡಿಮೆಯ ಒಡವೆಗೆ ಈ ಕಡ್ಡಾಯವಿಲ್ಲ. ‘ಕೆಡಿಎಂ ಇದೆ, ಚಿಂತೆ ಬೇಡ’ ಅನ್ನುವವರೂ ಇದ್ದಾರೆ. ಅದು ಕ್ಯಾಡ್ಮಿಯಂ ಬೆಸುಗೆಯ ಹೆಸರು, ಶುದ್ಧತೆಯ ಮುದ್ರೆಯಲ್ಲ.

‘ಪರಿಚಯದ ಅಂಗಡಿ, ಬಿಲ್ ಯಾಕೆ?’ ಅನ್ನಬೇಡಿ. ಚಿನ್ನದ ತೂಕ, ಕ್ಯಾರೆಟ್, ಹರಳಿನ ತೂಕ, ಮಜೂರಿ ಬೇರೆಬೇರೆಯಾಗಿ ಬರೆಸಿ. ಹಾಲ್‌ಮಾರ್ಕ್ ಒಡವೆ ಪರೀಕ್ಷೆಯಲ್ಲಿ ಕಡಿಮೆ ಬಂದರೆ ಕೊರತೆಯ ಬೆಲೆಯ ಎರಡು ಪಟ್ಟು ಹಾಗೂ ಪರೀಕ್ಷಾ ಶುಲ್ಕ ಕೇಳುವ ಹಕ್ಕು ಗ್ರಾಹಕರಿಗಿದೆ. ಮುದ್ರೆಯಿಲ್ಲದ ಅಜ್ಜಿಯ ಕಾಲದ ಒಡವೆಯನ್ನು ಕೊಡುವುದಾದರೆ, ಬಿಐಎಸ್ ಮಾನ್ಯತೆಯ ಹಾಲ್‌ಮಾರ್ಕ್ ಕೇಂದ್ರದಲ್ಲಿ ಮೊದಲು ಪರೀಕ್ಷೆ ಮಾಡಿಸಿ.

ನಿಕಾಹ್ ದಾಖಲೆಯಲ್ಲಿ ‘ಐದು ಪವನು’ ಎಂದಷ್ಟೇ ಬರೆದರೆ ಸಾಲದು. ‘40 ಗ್ರಾಂ, 22 ಕ್ಯಾರೆಟ್’ ಎಂದು ಬರೆಯಿರಿ. ಬಿಲ್ ಮದುಮಗಳ ಕೈಗೇ ಕೊಡಿ. ಒಡವೆ ಅವಳದಾದ ಮೇಲೆ ಅದರ ಬಿಲ್ಲೂ ಅವಳದೇ ಅಲ್ಲವೇ?